ಗಿಡುಗದ ಗೂಡು ಕಾದವರು



ಪುಣೆಯ ಹೌಸಿಂಗ್ ಸೊಸೈಟಿಗಳಲ್ಲಿ ಬೆಳೆದ ನಿಮಗೆ ಪಾರಿವಾಳವನ್ನು ಯಾರೂ ಪರಿಚಯ ಮಾಡಿಕೊಡಬೇಕಾಗಿಲ್ಲ. ಬಾಲ್ಕನಿಗೆ ಬಲೆ ಕಟ್ಟಿಸಿದರೂ, ಕಿಟಕಿಯ ಸಜ್ಜಾದ ಮೇಲೆ ಮುಳ್ಳುಪಟ್ಟಿ ಹಾಕಿಸಿದರೂ ಅದು ನಿಮ್ಮ ಮನೆಯ ಸದಸ್ಯನೇ. ಆದರೆ ಚಳಿಗಾಲದ ಯಾವುದೋ ಒಂದು ಬೆಳಿಗ್ಗೆ ಎದುರಿನ ಕಟ್ಟಡದ ಮೇಲಿದ್ದ ಇನ್ನೂರು ಪಾರಿವಾಳಗಳು ಒಮ್ಮೆಗೇ ಸಿಡಿದೆದ್ದು, ಬಿಗಿಯಾದ ಗುಂಪು ಕಟ್ಟಿಕೊಂಡು ಹುಚ್ಚು ಹಿಡಿದಂತೆ ಸುತ್ತುವುದನ್ನು ನೀವು ನೋಡಿರಬಹುದು. ಯಾರೂ ಪಟಾಕಿ ಹೊಡೆದಿಲ್ಲ, ಯಾರೂ ಕೈ ತಟ್ಟಿಲ್ಲ. ಹಾಗಾದರೆ ಆ ಗಾಬರಿ ಯಾಕೆ? ಮುಂದಿನ ಸಲ ಹೀಗಾದಾಗ ಪಾರಿವಾಳಗಳನ್ನು ಬಿಟ್ಟು ಅವುಗಳಿಗಿಂತ ಮೇಲೆ ನೋಡಿ. ಮೊನಚಾದ ರೆಕ್ಕೆಯ, ಅಗಲ ಎದೆಯ, ಕೆನ್ನೆಯ ಮೇಲೆ ಕಪ್ಪು ಮೀಸೆ ಬಿಟ್ಟಂತೆ ಕಾಣುವ ಹಕ್ಕಿಯೊಂದು ಕಂಡರೆ ಅದೇ ಪೆರೆಗ್ರಿನ್ ಗಿಡುಗ. ಭೂಮಿಯ ಮೇಲಿನ ಜೀವಿಗಳಲ್ಲೆಲ್ಲ ಅತಿ ವೇಗದ್ದು. ಬೇಟೆಯ ಮೇಲೆ ಎರಗುವಾಗ ಅದರ ವೇಗ ಗಂಟೆಗೆ 300 ಕಿಲೋಮೀಟರ್ ದಾಟುತ್ತದೆ.

ಈ ಸಲದ ಅಂಕಣ ಈ ಹಕ್ಕಿಯ ಬಗ್ಗೆ. ಅದಕ್ಕಿಂತ ಹೆಚ್ಚಾಗಿ, ಅದರ ಗೂಡನ್ನು ವರ್ಷಗಟ್ಟಲೆ ಸುಮ್ಮನೆ ನೋಡುತ್ತ ಕೂತ ಕೆಲವರ ಬಗ್ಗೆ. ಸುಮ್ಮನೆ ನೋಡುವುದರಿಂದ ಏನು ಪ್ರಯೋಜನ ಎಂದು ಕೇಳುವವರು ನಮ್ಮಲ್ಲಿ ಬಹಳ. ಒಂದು ಹಕ್ಕಿಯ ವಂಶವೇ ಉಳಿಯಿತು ಎನ್ನುವುದು ಆ ಪ್ರಶ್ನೆಗೆ ಉತ್ತರ.

ಮೊದಲು ಹೆಸರಿನ ವಿಚಾರ. ಮರಾಠಿಯಲ್ಲಿ ಇದನ್ನು ಬಹಿರಿ ಸಸಾಣಾ ಎನ್ನುತ್ತಾರೆ. ನಮ್ಮಲ್ಲಿ ಗಿಡುಗ, ಡೇಗೆ, ಚಾಣ ಎಂದು ಬೇಟೆ ಹಕ್ಕಿಗಳಿಗೆ ಹಲವು ಹೆಸರುಗಳಿವೆ. ಇನ್ನೊಂದು ಹಳೆಯ ಹೆಸರನ್ನು ನೀವು ಇತಿಹಾಸದ ಪಾಠದಲ್ಲಿ ಓದಿದ್ದೀರಿ, ಆದರೆ ಅದು ಹಕ್ಕಿಯ ಹೆಸರೆಂದು ಯಾರೂ ಹೇಳಿರಲಿಕ್ಕಿಲ್ಲ. ವಿಜಯನಗರವನ್ನು ಆಳಿದ ವಂಶಗಳಲ್ಲಿ ಎರಡನೆಯದು ಸಾಳುವ ವಂಶ; 1485ರಲ್ಲಿ ಸಾಳುವ ನರಸಿಂಹ ಸಿಂಹಾಸನವೇರಿದ. ಸಾಳುವ ಎಂದರೆ ಬೇಟೆಗೆ ಪಳಗಿಸಿದ ಗಿಡುಗ! ಅದಕ್ಕೂ ಮೂರೂವರೆ ಶತಮಾನ ಹಿಂದೆ, ಈಗಿನ ಬಸವಕಲ್ಯಾಣದಿಂದ ಆಳುತ್ತಿದ್ದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಬರೆಸಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದಲ್ಲಿ ಗಿಡುಗಗಳನ್ನು ಹಿಡಿದು ಪಳಗಿಸಿ ಬೇಟೆಯಾಡಿಸುವ ವಿನೋದಕ್ಕೆಂದೇ ಒಂದು ಭಾಗವಿದೆ. ಅಂದರೆ ನಮ್ಮವರಿಗೆ ಈ ಹಕ್ಕಿಯ ಸಹವಾಸ ಹಳೆಯದು. ಆದರೆ ರಾಜರಿಗೆ ಬೇಕಾಗಿದ್ದದ್ದು ಕೈಯ ಮೇಲೆ ಕೂತ ಗಿಡುಗ. ಗೂಡಿನಲ್ಲಿ ಕೂತ ಗಿಡುಗವನ್ನು ನೋಡುವ ಹವ್ಯಾಸ ಬಂದದ್ದು ಬಹಳ ತಡವಾಗಿ. ಇಂದು ಇದನ್ನು ಹಿಡಿಯುವುದೂ ಸಾಕುವುದೂ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ, ಹುಲಿ ಇರುವ ಪಟ್ಟಿಯಲ್ಲೇ, ಇದರ ಹೆಸರೂ ಇದೆ.

ನಮ್ಮ ಕಡೆ ಕಾಣುವ ಪೆರೆಗ್ರಿನ್ ಗಿಡುಗಗಳಲ್ಲಿ ಎರಡು ಬಗೆ. ಒಂದು ಚಳಿಗಾಲದ ಅತಿಥಿ. ಉತ್ತರ ಧ್ರುವದ ಸಮೀಪದ ಮರಗಳಿಲ್ಲದ ಬಯಲುಗಳಲ್ಲಿ ಹುಟ್ಟಿ, ಚಳಿ ಬಿದ್ದೊಡನೆ ಸಾವಿರಾರು ಕಿಲೋಮೀಟರ್ ಹಾರಿ ಭಾರತಕ್ಕೆ ಬರುತ್ತದೆ. ಕೆರೆ, ನದಿಗಳ ಹತ್ತಿರ, ಊರುಗಳಲ್ಲಿ ಎತ್ತರದ ಗೋಪುರಗಳ ಮೇಲೆ ಕೂತು, ಬಾತುಗಳನ್ನೂ ಪಾರಿವಾಳಗಳನ್ನೂ ಹಿಡಿದು ತಿಂದು, ಬೇಸಿಗೆ ಬರುವ ಹೊತ್ತಿಗೆ ಹೊರಟು ಹೋಗುತ್ತದೆ. ಇನ್ನೊಂದು ಇಲ್ಲಿಯದೇ ಆದ ಶಾಹೀನ್. ಪಾರಸಿ ಭಾಷೆಯ ಈ ಹೆಸರಿನಲ್ಲೇ ರಾಜಗಾಂಭೀರ್ಯವಿದೆ. ಅತಿಥಿಗಿಂತ ಗಾತ್ರದಲ್ಲಿ ಚಿಕ್ಕದು, ತಲೆ ಹೆಚ್ಚು ಕಪ್ಪು, ಹೊಟ್ಟೆಯ ಭಾಗ ಇಟ್ಟಿಗೆಯ ಕೆಂಪು. ಅದು ಎಲ್ಲಿಗೂ ವಲಸೆ ಹೋಗುವುದಿಲ್ಲ. ಸಹ್ಯಾದ್ರಿಯ ಕಡಿದಾದ ಬಂಡೆಗಳಲ್ಲಿ ಅದರ ಸಂಸಾರ. ನೀವು ಭಾನುವಾರ ಟ್ರೆಕ್ಕಿಂಗ್ ಹೋಗುವ ಕೋಟೆಗಳ ಸುತ್ತಮುತ್ತ, ಕಣಿವೆಯ ಕಡೆ ಮುಖ ಮಾಡಿದ ಪ್ರಪಾತಗಳೇ ಅದಕ್ಕೆ ಇಷ್ಟ. ಯಾವ ಕೋಟೆ, ಯಾವ ಬಂಡೆ ಎಂದು ನಾನು ಇಲ್ಲಿ ಬರೆಯುವುದಿಲ್ಲ. ಗೂಡಿನ ಜಾಗವನ್ನು ಅಚ್ಚು ಹಾಕಬಾರದು ಎನ್ನುವುದು ಹಕ್ಕಿ ನೋಡುವವರ ಮೊದಲನೆಯ ನಿಯಮ. ಯಾಕೆಂದು ಮುಂದೆ ಗೊತ್ತಾಗುತ್ತದೆ.

ಗೂಡು ಎಂದೆನಲ್ಲ, ನಿಜವಾಗಿ ಅದು ಗೂಡೇ ಅಲ್ಲ. ಪೆರೆಗ್ರಿನ್ ಗಿಡುಗ ಒಂದು ಕಡ್ಡಿಯನ್ನೂ ತರುವುದಿಲ್ಲ. ಬಂಡೆಯ ಅಂಚಿನ ಮಣ್ಣಿನಲ್ಲೋ ಗರಸಿನಲ್ಲೋ ಎದೆಯಿಂದ ಒತ್ತಿ, ಕಾಲಿನಿಂದ ಕೆರೆದು, ತಟ್ಟೆಯಷ್ಟು ಅಗಲದ ಒಂದು ತಗ್ಗು ಮಾಡುತ್ತದೆ. ಅಷ್ಟೇ. ಅದರಲ್ಲಿ ಸಾಮಾನ್ಯವಾಗಿ ಮೂರೋ ನಾಲ್ಕೋ ಕೆಂಪು-ಕಂದು ಬಣ್ಣದ ಮೊಟ್ಟೆಗಳು. ತಿಂಗಳೊಂದು ಕಾವು. ಹೆಣ್ಣು ಗಂಡಿಗಿಂತ ಸುಮಾರು ಮೂರನೇ ಒಂದರಷ್ಟು ದೊಡ್ಡದು. ಕಾವಿಗೆ ಹೆಚ್ಚು ಹೊತ್ತು ಕೂರುವವಳು ಅವಳೇ. ಬೇಟೆಯಾಡಿ ತರುವುದು ಗಂಡಿನ ಕೆಲಸ. ಆತ ಬೇಟೆಯನ್ನು ಕಾಲಲ್ಲಿ ಹಿಡಿದು ಕೂಗುತ್ತ ಬರುತ್ತಾನೆ, ಅವಳು ಎದ್ದು ಹಾರಿ ಗಾಳಿಯಲ್ಲೇ ಅದನ್ನು ತೆಗೆದುಕೊಳ್ಳುತ್ತಾಳೆ. ಅವಳು ತಿನ್ನುವಷ್ಟು ಹೊತ್ತು ಕಾವಿಗೆ ಆತ ಕೂರುತ್ತಾನೆ. ಮರಿಗಳು ಹುಟ್ಟಿದಾಗ ಹತ್ತಿಯ ಉಂಡೆಗಳ ಹಾಗೆ ಬೆಳ್ಳಗಿರುತ್ತವೆ. ತಾಯಿ ಮಾಂಸವನ್ನು ಸಣ್ಣ ಸಣ್ಣ ಚೂರು ಮಾಡಿ, ಒಂದೊಂದೇ ಮರಿಯ ಬಾಯಿಗೆ, ಅಷ್ಟು ಕ್ರೂರ ಕೊಕ್ಕಿನಿಂದ ಅಷ್ಟು ಮೆತ್ತಗೆ ಕೊಡುವುದನ್ನು ನೋಡಿದವರು ಮರೆಯುವುದಿಲ್ಲ. ಐದಾರು ವಾರಗಳಲ್ಲಿ ಬಿಳಿ ತುಪ್ಪಳ ಉದುರಿ ಕಂದು ಗರಿ ಬರುತ್ತದೆ. ಅಂಚಿನಲ್ಲಿ ನಿಂತು ರೆಕ್ಕೆ ಬಡಿಯುವ ಅಭ್ಯಾಸ. ಆಮೇಲೆ ಒಂದು ದಿನ ಜಿಗಿತ. ಹಾರಿದ ಮೇಲೂ ಕೆಲವು ವಾರ ಅಪ್ಪ ಅಮ್ಮನೇ ಊಟ ತರಬೇಕು, ಬೇಟೆ ಕಲಿಸಬೇಕು. ಹಾರಿದ ಮರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲ ವರ್ಷ ಕಳೆಯುವುದರೊಳಗೇ ಸಾಯುತ್ತವೆ. ಅಂಥ ಲೆಕ್ಕದಲ್ಲಿ ಒಂದೊಂದು ಮೊಟ್ಟೆಗೂ ಬೆಲೆ ಎಷ್ಟು ಯೋಚಿಸಿ.

ಈಗ ನಗರದ ಮಾತಿಗೆ ಬರೋಣ. ಬಂಡೆಯಲ್ಲಿ ಬಾಳುವ ಹಕ್ಕಿಗೆ ಇಪ್ಪತ್ತು ಅಂತಸ್ತಿನ ಕಟ್ಟಡ ಏನಾಗಿ ಕಾಣುತ್ತದೆ? ಇನ್ನೊಂದು ಬಂಡೆಯಾಗಿ. ಅದಕ್ಕೆ ಬೇಕಾದದ್ದು ಎತ್ತರ, ಮುಂದೆ ತೆರೆದ ಗಾಳಿ, ಯಾರೂ ಹತ್ತಿ ಬರಲಾಗದ ಒಂದು ಅಂಚು, ಕೆಳಗೆ ಹೊಟ್ಟೆ ತುಂಬುವಷ್ಟು ಹಕ್ಕಿಗಳು. ನಗರದಲ್ಲಿ ಇವೆಲ್ಲವೂ ಇವೆ, ಮಳೆಗಾಲದಲ್ಲೂ ಮುಗಿಯದ ಪಾರಿವಾಳಗಳ ಸಮೇತ. ಇಲ್ಲದಿರುವುದು ಒಂದೇ: ಮೊಟ್ಟೆ ಉರುಳದಂತೆ ಹಿಡಿದಿಡುವ ಒಂದು ಹಿಡಿ ಗರಸು. ಸಿಮೆಂಟಿನ ನೆಲದಲ್ಲಿ ತಗ್ಗು ಕೆರೆಯಲು ಬರುವುದಿಲ್ಲ.

ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಸನ್ ಲೈಫ್ ವಿಮಾ ಕಂಪನಿಯ ದೊಡ್ಡ ಕಟ್ಟಡವಿದೆ. 1930ರ ದಶಕದ ಕೊನೆಯಲ್ಲಿ ಅಲ್ಲಿ ಒಂದು ಗಿಡುಗ ಜೋಡಿ ಸಂಸಾರ ಹೂಡಲು ನೋಡಿತು. ಮೊಟ್ಟೆಗಳು ನಿಲ್ಲಲಿಲ್ಲ. ಹಾರ್ಪರ್ ಹಾಲ್ ಎಂಬ ಪಕ್ಷಿಪ್ರೇಮಿ ಅಲ್ಲಿ ಗರಸು ತುಂಬಿದ ಮರದ ಪೆಟ್ಟಿಗೆ ಇಡಿಸಿದ. ಹಕ್ಕಿ ಅದನ್ನು ಒಪ್ಪಿಕೊಂಡಿತು. ಆ ಹೆಣ್ಣು ಗಿಡುಗ 1952ರವರೆಗೆ ಅದೇ ಕಟ್ಟಡದಲ್ಲಿ ಬಾಳಿತು. ಹಾಲ್ ವರ್ಷ ವರ್ಷವೂ ಮೊಟ್ಟೆ ಎಷ್ಟು, ಮರಿ ಎಷ್ಟು, ಹಾರಿದ್ದು ಎಷ್ಟು ಎಂದು ಬರೆದಿಟ್ಟ. ನಗರದ ನಡುವೆ ಬಾಳಿದ ಗಿಡುಗದ ಬಗ್ಗೆ ಇಷ್ಟು ಕ್ರಮವಾಗಿ ಬರೆದಿಟ್ಟವರು ಅಂದಿಗೆ ಬಹಳ ವಿರಳ. ಆದರೆ ಆತ ಬರೆಯುತ್ತಿದ್ದ ಆ ವರ್ಷಗಳಲ್ಲೇ ಅಟ್ಲಾಂಟಿಕ್ ಸಾಗರದ ಎರಡೂ ಕಡೆ ಗಿಡುಗದ ವಂಶಕ್ಕೆ ಕುತ್ತು ಶುರುವಾಗಿತ್ತು. ಅದು ಯಾರಿಗೂ ಗೊತ್ತಿರಲಿಲ್ಲ.

ಗೊತ್ತಾದ ಕಥೆ ಸ್ವಾರಸ್ಯವಾಗಿದೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಸರ್ಕಾರ, ಸಂದೇಶ ತರುವ ಸೈನ್ಯದ ಪಾರಿವಾಳಗಳನ್ನು ಗಿಡುಗಗಳು ಹಿಡಿಯುತ್ತವೆಂದು 1940ರಲ್ಲಿ ಆಜ್ಞೆ ಹೊರಡಿಸಿ ಸುಮಾರು 600 ಗಿಡುಗಗಳನ್ನು ಕೊಲ್ಲಿಸಿತ್ತು. ಯುದ್ಧ ಮುಗಿದ ಮೇಲೆ ಅವು ಮತ್ತೆ ಚೇತರಿಸಿಕೊಂಡವು. 1960ರ ಹೊತ್ತಿಗೆ ಪಂದ್ಯದ ಪಾರಿವಾಳ ಸಾಕುವವರು, ಗಿಡುಗಗಳ ಕಾಟ ವಿಪರೀತವಾಗಿದೆ, ಅವುಗಳಿಗಿರುವ ಕಾನೂನಿನ ರಕ್ಷಣೆ ತೆಗೆದುಹಾಕಿ ಎಂದು ಸರ್ಕಾರಕ್ಕೆ ಅರ್ಜಿ ಹಾಕಿದರು. ಸರಿ, ನಿಜವಾಗಿ ಎಷ್ಟಿವೆ ಎಣಿಸೋಣ ಎಂದು ಡೆರೆಕ್ ರ್‍ಯಾಟ್‌ಕ್ಲಿಫ್ ಎಂಬ ವಿಜ್ಞಾನಿಗೆ ಕೆಲಸ ಒಪ್ಪಿಸಲಾಯಿತು. 1961 ಮತ್ತು 1962ರಲ್ಲಿ ಎಣಿಕೆ ನಡೆಯಿತು. ಫಲಿತಾಂಶ ಅರ್ಜಿಯ ತದ್ವಿರುದ್ಧ! ಗಿಡುಗಗಳು ಹೆಚ್ಚಾಗಿರಲಿಲ್ಲ, ವೇಗವಾಗಿ ಕಡಿಮೆಯಾಗುತ್ತಿದ್ದವು. ಎಷ್ಟೋ ಹಳೆಯ ಬಂಡೆಗಳು ಖಾಲಿ. ಹಕ್ಕಿ ಇದ್ದ ಕಡೆಯೂ ಮರಿ ಇಲ್ಲ, ಒಡೆದ ಮೊಟ್ಟೆಗಳು.

ಮೊಟ್ಟೆ ಯಾಕೆ ಒಡೆಯುತ್ತದೆ? ರ್‍ಯಾಟ್‌ಕ್ಲಿಫ್ ಇಲ್ಲಿ ಒಂದು ಉಪಾಯ ಮಾಡಿದರು. ಹಿಂದಿನ ಕಾಲದ ಇಂಗ್ಲೆಂಡಿನಲ್ಲಿ ಹಕ್ಕಿಯ ಮೊಟ್ಟೆ ಕದ್ದು ಒಳಗಿನದನ್ನು ಊದಿ ತೆಗೆದು ಚಿಪ್ಪನ್ನು ಪೆಟ್ಟಿಗೆಯಲ್ಲಿ ಜೋಡಿಸಿಡುವ ಖಯಾಲಿ ಬಹಳ ಜನರಿಗಿತ್ತು. ಕೆಟ್ಟ ಖಯಾಲಿಯೇ. ಆದರೆ ಅವರಲ್ಲಿ ಒಂದು ಒಳ್ಳೆಯ ಗುಣವಿತ್ತು: ಪ್ರತಿ ಮೊಟ್ಟೆಯ ಜೊತೆ ಎಲ್ಲಿ, ಯಾವ ದಿನ ಸಿಕ್ಕಿತು ಎಂದು ಚೀಟಿ ಬರೆದಿಡುತ್ತಿದ್ದರು. ರ್‍ಯಾಟ್‌ಕ್ಲಿಫ್ ವಸ್ತುಸಂಗ್ರಹಾಲಯಗಳಲ್ಲೂ ಖಾಸಗಿ ಸಂಗ್ರಹಗಳಲ್ಲೂ ಇದ್ದ ಈ ಚಿಪ್ಪುಗಳನ್ನು ಅಳೆದು ತೂಗಿ, ವರ್ಷದ ಪ್ರಕಾರ ಜೋಡಿಸಿದರು. ದಶಕಗಟ್ಟಲೆ ಒಂದೇ ಸಮನಿದ್ದ ಚಿಪ್ಪು 1947ರ ಸುಮಾರಿಗೆ ಇದ್ದಕ್ಕಿದ್ದಂತೆ ತೆಳುವಾಗಿತ್ತು, ಸರಿಸುಮಾರು ಐದನೇ ಒಂದರಷ್ಟು. ಕಾವಿಗೆ ಕೂತ ತಾಯಿಯ ಭಾರಕ್ಕೇ ಮೊಟ್ಟೆ ಒಡೆಯುತ್ತಿತ್ತು. ಈ ಲೇಖನ 1967ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 1947ರ ಸುಮಾರಿಗೆ ಜಗತ್ತಿನಲ್ಲಿ ಹೊಸದಾಗಿ ಬಳಕೆಗೆ ಬಂದದ್ದೇನು? ಡಿಡಿಟಿ.

ಡಿಡಿಟಿಯ ಹೆಸರನ್ನು ನೀವು ಕೇಳಿಲ್ಲದಿದ್ದರೆ ಊರಿನ ಅಜ್ಜಿಯನ್ನು ಕೇಳಿ. ಮಲೇರಿಯಾ ಇಲಾಖೆಯವರು ಬೆನ್ನಿಗೆ ಪಂಪು ಹೊತ್ತು ಬಂದು ಗೋಡೆಗೆ ಸಿಂಪಡಿಸಿ, ಬಾಗಿಲ ಹತ್ತಿರ ತಾರೀಕು ಬರೆದು ಹೋಗುತ್ತಿದ್ದದ್ದು ಅವರಿಗೆ ಚೆನ್ನಾಗಿ ನೆನಪಿರುತ್ತದೆ. ಅದನ್ನು ಬರೀ ವಿಷವೆಂದು ಬೈದು ಬಿಡುವುದೂ ನ್ಯಾಯವಲ್ಲ. ಸ್ವಾತಂತ್ರ್ಯ ಬಂದ ಹೊತ್ತಿಗೆ ನಮ್ಮ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು ಎಂದು ಅಂದಾಜು. 1960ರ ದಶಕದ ಮಧ್ಯದಲ್ಲಿ ಅದು ಒಂದು ಲಕ್ಷದ ಸುಮಾರಿಗೆ ಇಳಿದಿತ್ತು. ಮಲೆನಾಡಿನ ಎಷ್ಟೋ ಮನೆತನಗಳು ಉಳಿದುಕೊಂಡದ್ದರಲ್ಲಿ ಆ ಪಂಪಿನ ಪಾಲೂ ಇದೆ. ಕಷ್ಟ ಬಂದದ್ದು ಅದನ್ನು ಟನ್ನುಗಟ್ಟಲೆ ಹೊಲ ತೋಟಗಳಿಗೆ ಸುರಿದಾಗ. ಅದು ಬೇಗ ಕರಗುವ ವಸ್ತುವಲ್ಲ. ಹುಳದಿಂದ ಸಣ್ಣ ಹಕ್ಕಿಗೆ, ನೂರು ಸಣ್ಣ ಹಕ್ಕಿಗಳಿಂದ ಒಂದು ಗಿಡುಗಕ್ಕೆ, ಮೆಟ್ಟಿಲು ಮೆಟ್ಟಿಲಾಗಿ ಏರಿ ಕೊಬ್ಬಿನಲ್ಲಿ ಶೇಖರವಾಗುತ್ತದೆ. ತುತ್ತ ತುದಿಯಲ್ಲಿ ಕೂತವನಿಗೆ ಎಲ್ಲರ ಪಾಲಿನ ವಿಷ. ಚಿಪ್ಪಿಗೆ ಸುಣ್ಣದ ಅಂಶ ಸೇರುವುದನ್ನೇ ಅದು ತಡೆಯುತ್ತದೆ. ಅಮೆರಿಕದಲ್ಲಿ ಮಿಸಿಸಿಪಿ ನದಿಯ ಪೂರ್ವಕ್ಕೆ 1960ರ ದಶಕದ ಮಧ್ಯದ ಹೊತ್ತಿಗೆ ಗೂಡು ಮಾಡುವ ಒಂದು ಗಿಡುಗವೂ ಉಳಿದಿರಲಿಲ್ಲ. 1975ರಲ್ಲಿ ಆ ದೇಶದಲ್ಲಿ ಗೊತ್ತಿದ್ದ ಜೋಡಿಗಳು 324 ಮಾತ್ರ.

ಅಮೆರಿಕ 1972ರಲ್ಲಿ ಡಿಡಿಟಿಯನ್ನು ನಿಷೇಧಿಸಿತು. ನಮ್ಮಲ್ಲಿ ಕೃಷಿಗೆ ಬಳಸುವುದು 1989ರಲ್ಲಿ ನಿಂತಿತು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಟಾಮ್ ಕೇಡ್ 1970ರಲ್ಲಿ ಪೆರೆಗ್ರಿನ್ ಫಂಡ್ ಎಂಬ ಸಂಸ್ಥೆ ಸ್ಥಾಪಿಸಿ, ಗಿಡುಗಗಳನ್ನು ಸಾಕಿ ಮರಿ ಮಾಡಿಸಿ, ಬಂಡೆಗಳ ಮೇಲೂ ಕಟ್ಟಡಗಳ ಮೇಲೂ ಪೆಟ್ಟಿಗೆಯಲ್ಲಿಟ್ಟು ಬೆಳೆಸಿ ಬಿಟ್ಟರು. ಇದರಲ್ಲಿ ಅವರಿಗೆ ನೆರವಾದದ್ದು ಗಿಡುಗ ಪಳಗಿಸುವವರ ಹಳೆಯ ವಿದ್ಯೆಯೇ. ನಮ್ಮ ಸೋಮೇಶ್ವರ ಮಹಾರಾಜನ ವಿನೋದ ಈ ರೀತಿ ಉಪಯೋಗಕ್ಕೆ ಬಂತು ಎನ್ನಬಹುದು. 6,000ಕ್ಕೂ ಹೆಚ್ಚು ಮರಿಗಳನ್ನು ಬಿಡಲಾಯಿತು. 1983ರಲ್ಲಿ ನ್ಯೂಯಾರ್ಕ್ ನಗರದ ಎರಡು ದೊಡ್ಡ ಸೇತುವೆಗಳ ಮೇಲೆ ಗಿಡುಗಗಳು ತಾವಾಗಿ ಬಂದು ಸಂಸಾರ ಹೂಡಿದವು. 1999ರ ಆಗಸ್ಟ್ 25ರಂದು ಈ ಹಕ್ಕಿಯನ್ನು ಅಳಿವಿನಂಚಿನ ಪಟ್ಟಿಯಿಂದ ತೆಗೆಯಲಾಯಿತು. ಇಂದು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿರುವ ನಿಮ್ಮ ಅಣ್ಣನನ್ನೋ ಅತ್ತೆಯನ್ನೋ ಕೇಳಿ. ಅಲ್ಲಿ 367, ಕಾಲಿನ್ಸ್ ಸ್ಟ್ರೀಟ್ ಎಂಬ ಕಚೇರಿ ಕಟ್ಟಡದ ಎತ್ತರದಲ್ಲಿ 1991ರಿಂದ ಗಿಡುಗಗಳಿಗೆ ಗೂಡಿನ ಪೆಟ್ಟಿಗೆ ಇದೆ. 2017ರಲ್ಲಿ ಕ್ಯಾಮೆರಾ ಇಟ್ಟ ಮೇಲೆ ಸಾವಿರಾರು ಜನ ಮನೆಯಲ್ಲೇ ಕೂತು ಮರಿಗಳ ಮೊದಲ ಜಿಗಿತಕ್ಕೆ ಉಸಿರು ಬಿಗಿ ಹಿಡಿದು ಕಾಯುತ್ತಾರೆ.

ಇನ್ನೊಂದು ಸಂಗತಿಯನ್ನು ನಿಮಗೆಂದೇ ಹೇಳುತ್ತೇನೆ. ಹೀಗೆ ಕಟ್ಟಡದ ಮೇಲೆ ಬೆಳೆದ ಮರಿಗಳು ದೊಡ್ಡವಾದ ಮೇಲೆ ಗೂಡಿಗೆ ಜಾಗ ಹುಡುಕುವಾಗ ಹೆಚ್ಚಾಗಿ ಕಟ್ಟಡ, ಸೇತುವೆಗಳನ್ನೇ ಆರಿಸಿಕೊಂಡವು. ಅವುಗಳ ಅಜ್ಜ ಅಜ್ಜಿಯರು ಬಂಡೆಯವರು. ಮೊಮ್ಮಕ್ಕಳಿಗೆ ಕಟ್ಟಡವೇ ಬಂಡೆ. ಹಾಗೆಂದು ಅವು ಎರಗುವ ರೀತಿ ಬದಲಾಗಲಿಲ್ಲ, ಮರಿಗೆ ಉಣಿಸುವ ರೀತಿ ಬದಲಾಗಲಿಲ್ಲ. ಧಾರವಾಡದಲ್ಲೋ ಕುಂದಾಪುರದಲ್ಲೋ ಹುಟ್ಟಿದ ಅಪ್ಪ ಅಮ್ಮನ ಮಕ್ಕಳಾಗಿ ಕೋಥ್ರೂಡಿನಲ್ಲೋ ಪಿಂಪರಿಯಲ್ಲೋ ಬೆಳೆದ ನೀವು ಇದರ ಅರ್ಥವನ್ನು ನನಗಿಂತ ಚೆನ್ನಾಗಿ ಬಲ್ಲಿರಿ.

ನೋಡುವವರ ಮಾತಿಗೆ ಮರಳೋಣ. ಗಿಡುಗ ಉಳಿದದ್ದು ಕಾನೂನಿನಿಂದ, ವಿಜ್ಞಾನದಿಂದ ಎನ್ನುವುದು ಸರಿ. ಆದರೆ ಕಾನೂನಿಗೂ ವಿಜ್ಞಾನಕ್ಕೂ ಕೈಗೆ ಸಿಕ್ಕ ಸಾಕ್ಷಿ ಯಾವುದು? ಈ ಬಂಡೆಯಲ್ಲಿ ಈ ವರ್ಷ ಇಷ್ಟು ಮೊಟ್ಟೆ, ಕಳೆದ ವರ್ಷ ಇಷ್ಟು ಎಂದು ಯಾರೋ ಸಂಬಳವಿಲ್ಲದೆ ಬರೆದಿಟ್ಟ ಪುಸ್ತಕಗಳು. ಹಿಂದಿನದು ಬರೆದಿಲ್ಲದಿದ್ದರೆ, ಇಂದು ಕಡಿಮೆಯಾಗಿದೆ ಎಂದು ಹೇಳಲು ಯಾವ ಆಧಾರವೂ ಇರುವುದಿಲ್ಲ. ಕಣ್ಣೆದುರೇ ಮಾಯವಾಗುತ್ತಿರುವುದು ಕಣ್ಣಿಗೆ ಕಾಣುವುದಿಲ್ಲ.

ಇದೇ ಪಾಠ ನಮ್ಮ ದೇಶದಲ್ಲೂ ಆಯಿತು, ರಣಹದ್ದಿನ ವಿಷಯದಲ್ಲಿ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್ 1980ರ ದಶಕದಲ್ಲಿ ಭರತಪುರದ ಪಕ್ಷಿಧಾಮದಲ್ಲಿ ಬೇಟೆ ಹಕ್ಕಿಗಳನ್ನು ಅಧ್ಯಯನ ಮಾಡುತ್ತ ರಣಹದ್ದಿನ ಗೂಡುಗಳನ್ನೂ ಎಣಿಸಿದ್ದರು. ಸುಮಾರು ಹತ್ತು ವರ್ಷದ ನಂತರ ಅದೇ ಜಾಗಕ್ಕೆ ಹೋಗಿ ಮತ್ತೆ ಎಣಿಸಿದಾಗ ಗೂಡುಗಳು ಅರ್ಧಕ್ಕಿಂತ ಕಡಿಮೆ, ಕೊಂಬೆಗಳಲ್ಲಿ ಕತ್ತು ಜೋಲಿದ ಹಕ್ಕಿಗಳು. ಹಳೆಯ ಲೆಕ್ಕವಿದ್ದದ್ದರಿಂದಲೇ ದೇಶ ಎಚ್ಚೆತ್ತಿತು. ಕಾರಣ ಪತ್ತೆಯಾದದ್ದು 2004ರಲ್ಲಿ: ದನಗಳಿಗೆ ನೋವಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ಔಷಧಿ. ಸತ್ತ ದನ ತಿಂದ ರಣಹದ್ದಿನ ಮೂತ್ರಪಿಂಡವನ್ನು ಅದು ಹಾಳು ಮಾಡುತ್ತಿತ್ತು. ಈ ಕಾರಣ ಕಂಡುಹಿಡಿದ ತಂಡದ ಹಿಂದೆ ಇದ್ದದ್ದು, ಗಿಡುಗಕ್ಕಾಗಿ ಹುಟ್ಟಿದ ಅದೇ ಪೆರೆಗ್ರಿನ್ ಫಂಡ್! 2006ರಲ್ಲಿ ಭಾರತ ಸರ್ಕಾರ ದನಗಳಿಗೆ ಆ ಔಷಧಿ ಕೊಡುವುದನ್ನು ನಿಷೇಧಿಸಿತು. ನೀವು ಬೆಂಗಳೂರಿನಿಂದ ಮೈಸೂರಿಗೆ ಹೋಗುವಾಗ ಸಿಗುವ ರಾಮನಗರದ ರಾಮದೇವರ ಬೆಟ್ಟ, ‘ಶೋಲೆ’ ಚಿತ್ರದ ಬಂಡೆಗಳಿರುವ ಸೀಮೆ, 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಣೆಯಾಯಿತು. ಅಲ್ಲಿ ಉಳಿದಿರುವ ಬೆರಳೆಣಿಕೆಯ ಉದ್ದ ಕೊಕ್ಕಿನ ರಣಹದ್ದುಗಳ ಪ್ರತಿ ಗೂಡನ್ನೂ ಇಂದು ಕಾಯುವವರಿದ್ದಾರೆ. ಆದರೆ ಕಾಯಲು ಶುರು ಮಾಡಿದಾಗ ತಡವಾಗಿತ್ತು.

ಹಾಗಾದರೆ ಪುಣೆಯಲ್ಲಿ ನೀವೇನು ಮಾಡಬಹುದು? ಶಾಹೀನ್ ಗೂಡು ಹುಡುಕಿಕೊಂಡು ಬಂಡೆ ಹತ್ತಿ ಎಂದು ನಾನು ಹೇಳುತ್ತಿಲ್ಲ, ದಯವಿಟ್ಟು ಹತ್ತಬೇಡಿ. ಒಳ್ಳೆಯ ಫೋಟೋಕ್ಕಾಗಿ ಗೂಡಿನ ಹತ್ತಿರ ಹೋದರೆ, ಡ್ರೋನ್ ಹಾರಿಸಿದರೆ, ತಾಯಿ ಎದ್ದು ಹೋಗುತ್ತದೆ. ಮಾರ್ಚ್ ತಿಂಗಳ ಬಿಸಿಲಿಗೆ ಬಂಡೆಯ ಮೇಲಿನ ಮೊಟ್ಟೆಗೋ ಎಳೆ ಮರಿಗೋ ಸ್ವಲ್ಪ ಹೊತ್ತೇ ಸಾಕು. ಒಂದು ಗೂಡಿನ ಜಾಗ ಮೊಬೈಲಿನಲ್ಲಿ ಹರಡಿದರೆ ಮರುದಿನ ಐವತ್ತು ಕ್ಯಾಮೆರಾ. ಜಾಗ ಬರೆಯುವುದಿಲ್ಲ ಎಂದು ಮೊದಲೇ ಹೇಳಿದ್ದು ಇದಕ್ಕೇ.

ನಿಮಗೆ ನಿಮ್ಮದೇ ಕಿಟಕಿಯಿಂದ ಕಾಣುವ ಬೇಟೆ ಹಕ್ಕಿ ಒಂದಿದೆ: ಹದ್ದು. ಮರಾಠಿಯ ಘಾರ್. ಬಾಲ ಕವಲೊಡೆದ, ಮಣ್ಣಿನ ಬಣ್ಣದ ಈ ಹಕ್ಕಿಯನ್ನು ನಾವು ಕಾಗೆಯ ಹಾಗೆ ಕಡೆಗಣಿಸಿದ್ದೇವೆ. ಆದರೆ ನದಿಯ ದಡದ ದೊಡ್ಡ ಮರದಲ್ಲಿ, ದೀಪದ ಕಂಬದ ತುದಿಯಲ್ಲಿ, ಮೊಬೈಲ್ ಟವರಿನಲ್ಲಿ ಚಳಿಗಾಲದಿಂದ ಬೇಸಿಗೆಯವರೆಗೆ ಅದರ ಸಂಸಾರ ನಡೆಯುತ್ತದೆ. ಗಿಡುಗದಂತಲ್ಲದೆ ಇದು ನಿಜವಾಗಿ ಗೂಡು ಕಟ್ಟುತ್ತದೆ. ಕಡ್ಡಿ, ತಂತಿ, ಚಿಂದಿ, ಪ್ಲಾಸ್ಟಿಕ್ ಯಾವುದೂ ಆದೀತು. ಸ್ಪೇನ್ ದೇಶದಲ್ಲಿ ಇದೇ ಜಾತಿಯ ಹದ್ದುಗಳನ್ನು ಅಧ್ಯಯನ ಮಾಡಿದವರು, ಬಲಿಷ್ಠ ಜೋಡಿಗಳೇ ಗೂಡನ್ನು ಬಿಳಿ ಪ್ಲಾಸ್ಟಿಕ್‌ನಿಂದ ಹೆಚ್ಚು ಅಲಂಕರಿಸುತ್ತವೆ, ಅದು ಬೇರೆ ಹದ್ದುಗಳಿಗೆ ಕೊಡುವ ಎಚ್ಚರಿಕೆ ಎಂದು 2011ರಲ್ಲಿ ಪ್ರಕಟಿಸಿದರು. ಪುಣೆಯ ಹದ್ದುಗಳೂ ಹಾಗೆಯೇ ಮಾಡುತ್ತವೆಯೇ? ನೀವು ನೋಡಿ ಹೇಳಿ. ದಿಲ್ಲಿಯಲ್ಲಿ ಗಾಯಗೊಂಡ ಹದ್ದುಗಳಿಗೆ ಮನೆಯ ನೆಲಮಾಳಿಗೆಯಲ್ಲೇ ಚಿಕಿತ್ಸೆ ಮಾಡುವ ಸಹೋದರರ ಬಗ್ಗೆ 2022ರಲ್ಲಿ ಬಂದ ‘ಆಲ್ ದಟ್ ಬ್ರೀದ್ಸ್’ ಸಾಕ್ಷ್ಯಚಿತ್ರ ಸಿಕ್ಕರೆ ನೋಡಿ. ಅವರ ಬಳಿಗೆ ಬರುವ ಹಕ್ಕಿಗಳಲ್ಲಿ ಬಹುಪಾಲು ಗಾಳಿಪಟದ ಮಾಂಜಾದಿಂದ ರೆಕ್ಕೆ ಕೊಯ್ದುಕೊಂಡವು. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2017ರಲ್ಲೇ ದೇಶಾದ್ಯಂತ ನಿಷೇಧಿಸಿದೆ. ಸಂಕ್ರಾಂತಿಗೆ ನಿಮ್ಮ ಗಚ್ಚಿನ ಮೇಲೆ ಅದು ಬರಬಾರದು. ಮರದಲ್ಲಿ ಸಿಕ್ಕಿಕೊಂಡ ಹಳೆಯ ದಾರವನ್ನು ಸೊಸೈಟಿಯವರು ತೆಗೆಸಬೇಕು.

ಕೆಲಸ ಸರಳ. ಒಂದು ಹದ್ದಿನ ಗೂಡು ಗುರುತಿಸಿ. ಸಾಕಷ್ಟು ದೂರದ ಒಂದೇ ಜಾಗದಿಂದ, ಸಾಧ್ಯವಾದರೆ ದುರ್ಬೀನಿನಿಂದ, ವಾರಕ್ಕೆ ಎರಡು ಸಲ ಕಾಲು ಗಂಟೆ ನೋಡಿ. ಹಕ್ಕಿ ನಿಮ್ಮ ಕಡೆ ತಿರುಗಿ ಮತ್ತೆ ಮತ್ತೆ ಕೂಗಿದರೆ ನೀವು ಹತ್ತಿರ ಹೋಗಿದ್ದೀರಿ ಎಂದರ್ಥ, ಹಿಂದೆ ಸರಿಯಿರಿ. ತಾರೀಕು, ಹೊತ್ತು, ಗೂಡಿನಲ್ಲಿ ಯಾರಿದ್ದರು, ಏನು ತಂದರು, ಮರಿ ಎಷ್ಟು ಕಂಡವು, ಮೊದಲು ಹಾರಿದ್ದು ಎಂದು, ಇಷ್ಟು ಬರೆಯಿರಿ. ಏನೂ ಕಾಣದ ದಿನ ‘ಏನೂ ಕಾಣಲಿಲ್ಲ’ ಎಂದೂ ಬರೆಯಿರಿ, ಅದೂ ಲೆಕ್ಕವೇ. ಹಾರಲು ಕಲಿಯುತ್ತಿರುವ ಮರಿ ಕೆಳಗೆ ಬಿದ್ದು, ಗಾಯವಿಲ್ಲದಿದ್ದರೆ, ನಾಯಿ ಬೆಕ್ಕು ಬಾರದಂತೆ ನೋಡಿಕೊಂಡು ದೂರವಿರಿ. ಅಪ್ಪ ಅಮ್ಮ ಮೇಲಿನಿಂದ ನೋಡುತ್ತಿರುತ್ತಾರೆ. ಗಾಯವಾಗಿದ್ದರೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಲ್ಲಿಟ್ಟು, ಬಾಯಿಗೆ ನೀರು ಅನ್ನ ಹಾಕದೆ, ಮಹಾರಾಷ್ಟ್ರ ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ಹೇಳಿ.

ಕೊನೆಯದಾಗಿ ಒಂದು ಬೇಡಿಕೆ. ಆ ಟಿಪ್ಪಣಿಯನ್ನು ಕನ್ನಡದಲ್ಲಿ ಬರೆಯಿರಿ. ದಿನಕ್ಕೆ ಮೂರು ಸಾಲು ಸಾಕು. ಕಾಗುಣಿತ ತಪ್ಪಿದರೆ ಹದ್ದು ಬೇಸರ ಮಾಡಿಕೊಳ್ಳುವುದಿಲ್ಲ. ಮನೆಯಲ್ಲಿ ಮಾತಿಗಷ್ಟೇ ಉಳಿದ ಭಾಷೆಗೆ ಹೀಗೆ ಒಂದು ಹೊಸ ಕೆಲಸ ಸಿಗುತ್ತದೆ. ಪದ ಸಿಗದಿದ್ದಾಗ ಅಪ್ಪನನ್ನು ಕೇಳಿ, ಅವರಿಗೂ ಸಿಗದಿದ್ದರೆ ಊರಿಗೆ ಫೋನು ಮಾಡಿ ಅಜ್ಜನನ್ನು ಕೇಳಿ. ರೆಕ್ಕೆಯ ತುದಿಗೆ, ಕೊಕ್ಕಿನ ಬುಡಕ್ಕೆ, ಗಾಳಿಯಲ್ಲಿ ನಿಶ್ಚಲವಾಗಿ ನಿಲ್ಲುವುದಕ್ಕೆ ಅವರ ಹತ್ತಿರ ಒಂದೊಂದು ಮಾತು ಇದ್ದೇ ಇರುತ್ತದೆ. ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿಪುಕ್ಕ’ ಪುಸ್ತಕ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು.

ಹತ್ತು ವರ್ಷ ಬಿಟ್ಟು ಯಾರಾದರೂ, ಪುಣೆಯಲ್ಲಿ ಹದ್ದುಗಳು ಹೆಚ್ಚಾಗಿವೆಯೋ ಕಡಿಮೆಯಾಗಿವೆಯೋ ಎಂದು ಕೇಳಿದರೆ ಊಹೆ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಪುಸ್ತಕ ತೆರೆದು ತೋರಿಸುವವರು ನೀವಾಗಿರಿ. ಈ ಬೇಸಿಗೆಯ ನಿಮ್ಮ ಟಿಪ್ಪಣಿಗಳನ್ನು ಸಂಪಾದಕರಿಗೆ ಕಳುಹಿಸಿ. ಒಳ್ಳೆಯವನ್ನು ಮುಂದಿನ ಸಂಚಿಕೆಯಲ್ಲಿ ಹಾಕೋಣ. ಗೂಡಿನ ವಿಳಾಸ ಮಾತ್ರ ಬರೆಯಬೇಡಿ.